ಹಾವಲ್ಲ, ಮೀನೂ ಅಲ್ಲ: ಒರಟು ಚರ್ಮದವರ ಪತ್ರಗಳು

ಚಳಿ ಶುರುವಾಯಿತು ಅಂದರೆ ನನ್ನ ಟೇಬಲ್ ಮೇಲೆ ಒಂದೇ ಥರದ ಪತ್ರಗಳು ಬಂದು ಬೀಳುತ್ತವೆ. ಚರ್ಮ ದಪ್ಪ ಆಗಿದೆ, ಒಣಗಿದೆ, ಹುರುಪೆ ಏಳುತ್ತಿದೆ, ಏನು ಮಾಡಲಿ ಅಂತ. ಈ ಸಲ ಐದು ಪತ್ರ ಆರಿಸಿಕೊಂಡಿದ್ದೇನೆ. ಉತ್ತರ ಬರೆಯುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ಚರ್ಮದ ಡಾಕ್ಟರ್ ಆಗಿ 30 ವರ್ಷದ ಮೇಲಾಯಿತು. ಈ ಚರ್ಮದ ಜೊತೆ ಅದಕ್ಕಿಂತ ಜಾಸ್ತಿ ವರ್ಷ ಕಳೆದಿದ್ದೇನೆ, ಯಾಕೆಂದರೆ ನನಗೂ ಅದೇ ಇದೆ. ವಿಜಯಪುರದ ಕಡೆಯ ಹಳ್ಳಿ ನಮ್ಮದು. ಶಾಲೆಯಿಂದ ಬಂದು ಕಪ್ಪು ಸಾಕ್ಸ್ ತೆಗೆದು ಕೊಡವಿದರೆ ಒಳಗಿಂದ ಹಿಟ್ಟಿನ ಹಾಗೆ ಬಿಳಿ ಪುಡಿ ಉದುರುತ್ತಿತ್ತು. ಅಜ್ಜಿ ಬೈಯುತ್ತಲೇ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಕಾಲಿಗೆ ತಿಕ್ಕುತ್ತಿದ್ದರು.

ಒಬ್ಬ ತಾಯಿ, ಹಾವೇರಿ ಜಿಲ್ಲೆ

*ಡಾಕ್ಟರ್ ಮೇಡಂ, ನನ್ನ ಮಗನಿಗೆ 7 ವರ್ಷ. ಆರು ತಿಂಗಳ ಕೂಸು ಇದ್ದಾಗಿಂದ ಮೈ ಒಣ. ಮೊಣಕಾಲಿನ ಕೆಳಗೆ ಮೀನಿನ ಹುರುಪೆ ಥರ ಇದೆ, ಮೊಣಕೈ ಮಡಿಕೆಯಲ್ಲಿ ಮಾತ್ರ ಏನೂ ಇಲ್ಲ. ಅಂಗೈ ತುಂಬಾ ಗೆರೆಗಳು. ನಮ್ಮಪ್ಪನ ಕಾಲೂ ಹೀಗೇ ಇತ್ತು. ಶಾಲೆಯಲ್ಲಿ ಹುಡುಗರು "ಹಾವು" ಅಂತ ಕರೆಯುತ್ತಾರೆ, ಟೀಚರ್ ಅಂಟುರೋಗ ಅಲ್ಲ ಅಂತ ಬರೆಸಿಕೊಂಡು ಬನ್ನಿ ಅಂದಿದ್ದಾರೆ. ಮನೆ ಕಟ್ಟುವಾಗ, ಅಂದರೆ ಮೂರು ವರ್ಷದ ಹಿಂದೆ, ಮೈದುನ ಒಂದು ಹಾವು ಹೊಡೆದಿದ್ದ. ಅದರ ದೋಷ ಅಂತ ಅತ್ತೆ ಹೇಳುತ್ತಾರೆ. ಸೋದರಮಾವನನ್ನು ಮದುವೆ ಆದದ್ದಕ್ಕೆ ಅಂತ ಊರವರು ಹೇಳುತ್ತಾರೆ. ಯಾವುದು ನಿಜ? ಪೂರ್ತಿ ವಾಸಿ ಆಗುತ್ತಾ?*

ಮೊದಲು ಶಾಲೆಯ ವಿಷಯ ಮುಗಿಸೋಣ. ಇದು ಅಂಟುವುದಿಲ್ಲ. ಪಕ್ಕದಲ್ಲಿ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ, ಕುಸ್ತಿ ಆಡಿದರೆ, ಯಾವುದಕ್ಕೂ ಅಂಟುವುದಿಲ್ಲ. ಹತ್ತಿರದ ಯಾವ ಡಾಕ್ಟರಾದರೂ ಹುಡುಗನನ್ನು ನೋಡಿ ಎರಡು ಸಾಲು ಬರೆದುಕೊಡುತ್ತಾರೆ. ಆ ಚೀಟಿಯನ್ನು ಟೀಚರ್ ಕೈಗೆ ಕೊಟ್ಟು, ತರಗತಿಯಲ್ಲಿ ಗಟ್ಟಿಯಾಗಿ ಓದಿ ಅಂತ ಕೇಳಿಕೊಳ್ಳಿ. ಬೀರುವಿನಲ್ಲಿ ಇಟ್ಟುಕೊಂಡರೆ ಅದರಿಂದ ಏನೂ ಉಪಯೋಗ ಇಲ್ಲ.

ಇನ್ನು ಹಾವು. ಹುಡುಗನ ಚರ್ಮ ಆರನೇ ತಿಂಗಳಿಗೇ ಒಣಗಿತ್ತು ಅಂತ ನೀವೇ ಬರೆದಿದ್ದೀರಿ. ಹಾವು ಸತ್ತದ್ದು ಮೂರು ವರ್ಷದ ಹಿಂದೆ, ಅಂದರೆ ಹುಡುಗನಿಗೆ ನಾಲ್ಕು ವರ್ಷ ಆದಾಗ. ದೋಷ ಹಿಂದಕ್ಕೆ ನಡೆಯುತ್ತದೆಯೇ? ಅತ್ತೆಗೆ ಈ ಲೆಕ್ಕವನ್ನು ಮೆತ್ತಗೆ ಹೇಳಿ. ಕುಕ್ಕೆಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಮನಸ್ಸಿಗೆ ಸಮಾಧಾನ ಆಗುವುದಾದರೆ ಹೋಗಿ ಬನ್ನಿ, ಎಣ್ಣೆ ಡಬ್ಬಿ ಬ್ಯಾಗಿನಲ್ಲಿರಲಿ. ಅಲ್ಲಿ ಎರಡು ದಿನ ಉಳಿದರೆ ಚರ್ಮ ನಿಜವಾಗಿಯೂ ಮೆತ್ತಗಾಗುತ್ತದೆ. ಅದು ಘಟ್ಟದ ಕೆಳಗಿನ ತೇವದ ಗಾಳಿಯ ಗುಣ. ಮೆಡಿಕಲ್ ಓದಲು ಮಂಗಳೂರಿಗೆ ಹೋದ ವರ್ಷ ನನ್ನ ಕಾಲು ನುಣ್ಣಗಾಗಿ, ರೋಗವೇ ಹೋಯಿತು ಅಂತ ಮನೆಗೆ ಕಾಗದ ಬರೆದಿದ್ದೆ. ಡಿಸೆಂಬರ್ ರಜೆಗೆ ಊರಿಗೆ ಬಂದೆ. ವಾರದೊಳಗೆ ಸಾಕ್ಸಿನಲ್ಲಿ ಮತ್ತೆ ಹಿಟ್ಟು.

ನೀವು ಬರೆದಿರುವ ಲಕ್ಷಣಗಳು ಇಕ್ತಿಯೋಸಿಸ್ ಎಂಬ ತೊಂದರೆಯವು. ಗ್ರೀಕ್ ಭಾಷೆಯಲ್ಲಿ ಇಕ್ತಿಸ್ ಅಂದರೆ ಮೀನು, ಹೆಸರು ಬಂದದ್ದು ಅಲ್ಲಿಂದ. ಇದರಲ್ಲಿ ಹಲವು ಬಗೆಗಳಿವೆ. ಜಾಸ್ತಿ ಕಾಣುವುದು ವಲ್ಗ್ಯಾರಿಸ್ ಅನ್ನುವ ಸೌಮ್ಯ ಬಗೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ ಅಂತ ಒಂದು ಲೆಕ್ಕ. ಎಷ್ಟೋ ಜನ ಅದನ್ನು ಬರೀ "ಒಣ ಮೈ" ಅಂದುಕೊಂಡೇ ಬದುಕು ಕಳೆದಿರುತ್ತಾರೆ.

ಚರ್ಮದ ಮೇಲ್ಪದರವನ್ನು ಕಲ್ಲಿನ ಗೋಡೆ ಅಂದುಕೊಳ್ಳಿ. ಸತ್ತ ಕೋಶಗಳು ಕಲ್ಲು, ಅವುಗಳ ನಡುವಿನ ಜಿಡ್ಡು ಗಾರೆ. ಕೆಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ನಮ್ಮೆಲ್ಲರ ಮೈಯಿಂದಲೂ ದಿನಾ ಉದುರುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಈ ಕಲ್ಲುಗಳ ಒಳಗೆ ಫಿಲಾಗ್ರಿನ್ ಅನ್ನುವ ಪ್ರೋಟೀನ್ ಇರುತ್ತದೆ. ಅದು ಒಡೆದಾಗ ಬರುವ ಪದಾರ್ಥಗಳು ನೀರನ್ನು ಹಿಡಿದಿಡುತ್ತವೆ. ನಿಮ್ಮ ಮಗನಂಥವರಲ್ಲಿ, ನನ್ನಲ್ಲೂ, ಆ ಪ್ರೋಟೀನ್ ಕಡಿಮೆ. ನೀರು ನಿಲ್ಲುವುದಿಲ್ಲ, ಕೋಶಗಳು ಒಂದೊಂದಾಗಿ ಉದುರದೆ ಚಕ್ಕೆ ಚಕ್ಕೆಯಾಗಿ ಕೂತುಬಿಡುತ್ತವೆ. ಈ ಪ್ರೋಟೀನಿನ ಜೀನ್ ಕೆಟ್ಟಿರುವುದೇ ಕಾರಣ ಅಂತ ಸ್ಕಾಟ್ಲೆಂಡಿನ ಡಂಡೀಯ ಸಂಶೋಧಕರು ಕಂಡುಹಿಡಿದದ್ದು 2006ರಲ್ಲಿ. ನಾನು ಓದುವಾಗ ಕಾರಣ ಯಾರಿಗೂ ಗೊತ್ತಿರಲಿಲ್ಲ.

ಅಂಗೈ ಗೆರೆ ಬರೆದದ್ದು ತುಂಬಾ ಒಳ್ಳೆಯದಾಯಿತು. ಅದು ಈ ಬಗೆಯ ಗುರುತು. ಚಿಕ್ಕವಳಿದ್ದಾಗ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕೈ ನೋಡುವವನೊಬ್ಬ ನನ್ನ ಅಂಗೈ ಹಿಡಿದು, ಯಾವ ಗೆರೆ ಆಯುಷ್ಯದ್ದು, ಯಾವುದು ವಿದ್ಯೆಯದ್ದು ತಿಳಿಯದೆ ದುಡ್ಡು ವಾಪಸ್ ಕೊಟ್ಟಿದ್ದ.

ಆದರೂ ಒಂದು ಅನುಮಾನ ಉಳಿಯುತ್ತದೆ. ಅಜ್ಜನಿಗೆ ಇದ್ದು, ಮಗಳಿಗೆ ಕಾಣದೆ, ಮೊಮ್ಮಗನಿಗೆ ಬರುವ ಇನ್ನೊಂದು ಬಗೆ ಇದೆ. ಅದು ಎಕ್ಸ್ ಕ್ರೋಮೋಸೋಮ್ ಅನ್ನುವ, ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಇರುವ ಜೀನಿನ ಎಳೆಯ ಮೇಲೆ ಸಾಗುತ್ತದೆ. ಹೆಚ್ಚುಕಡಿಮೆ ಗಂಡುಮಕ್ಕಳಿಗೆ ಮಾತ್ರ ಬರುತ್ತದೆ. ಅದರಲ್ಲಿ ಹುರುಪೆ ದೊಡ್ಡದು, ಕಂದು ಬಣ್ಣದ್ದು. ಕುತ್ತಿಗೆ ಎಷ್ಟು ತೊಳೆದರೂ ಕೊಳೆ ಇದ್ದ ಹಾಗೆ ಕಾಣುತ್ತದೆ. ಅಂಗೈ ಮಾಮೂಲಾಗಿರುತ್ತದೆ. ಇಂಥ ಕೂಸು ಹೊಟ್ಟೆಯಲ್ಲಿದ್ದಾಗ ತಾಯಿಗೆ ದಿನ ತುಂಬಿದರೂ ಹೆರಿಗೆ ನೋವು ತಡವಾಗಿ ಬರುವುದುಂಟು. ನಿಮಗೆ ಹಾಗೆ ಆಗಿತ್ತೇ? ಹುಡುಗನ ಕುತ್ತಿಗೆ ಕಪ್ಪಗಿದೆಯೇ? ಹೌದಾದರೆ ಡಾಕ್ಟರಿಗೆ ತಪ್ಪದೆ ಹೇಳಿ. ಆ ಬಗೆಯಲ್ಲಿ ಕೆಲವು ಹುಡುಗರಿಗೆ ವೃಷಣ ಕೆಳಗೆ ಇಳಿದಿರುವುದಿಲ್ಲ, ಅದನ್ನು ನೋಡಬೇಕು. ಹಾಗೆಯೇ ನಿಮ್ಮ ಕಾಲನ್ನೂ ಚಳಿಗಾಲದಲ್ಲಿ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸಣ್ಣಗೆ ಹುರುಪೆ ಇದ್ದರೆ ಮೊದಲು ಹೇಳಿದ ಬಗೆಯೇ ಸರಿ.

ಸೋದರಮಾವನ ಮಾತಿಗೆ ಬರೋಣ. ನಿಮ್ಮ ಯಜಮಾನರು ನಿಮ್ಮ ತಾಯಿಯ ತಮ್ಮ ಅಲ್ವಾ? ಕಾಯಿಲೆ ಇದ್ದದ್ದು ನಿಮ್ಮ ತಂದೆಗೆ. ತಂದೆಯ ಕಡೆಯದು ನಿಮ್ಮ ಮೂಲಕ ಬಂದಿದೆ. ಯಾವ ಊರಿನ ಯಾರನ್ನು ಮದುವೆ ಆಗಿದ್ದರೂ ಬರುವುದು ಬರುತ್ತಿತ್ತು. ಹಾಗಾದರೆ ತಪ್ಪು ಸೊಸೆಯದು ಅಂತ ಯಾರಾದರೂ ಮಾತು ತಿರುಗಿಸಿದರೆ ಈ ಪತ್ರಿಕೆ ತೋರಿಸಿ. ಜೀನ್ ಕೊಡುವಾಗ ಯಾರೂ ಯಾರನ್ನೂ ಕೇಳಿ ಕೊಡುವುದಿಲ್ಲ.

ಪೂರ್ತಿ ವಾಸಿ ಆಗುತ್ತಾ ಅಂತ ಕೇಳಿದ್ದೀರಿ. ಇಲ್ಲ. ಮಾಡುತ್ತೇನೆ ಅಂದವರಿಗೆ ದುಡ್ಡು ಕೊಡಬೇಡಿ. ಆದರೆ ಹಿಡಿತದಲ್ಲಿ ಇಡಬಹುದು, ದೊಡ್ಡವನಾಗುತ್ತಾ ಸ್ವಲ್ಪ ಕಡಿಮೆಯೂ ಆಗಬಹುದು. ದಿನಾ ಹಲ್ಲುಜ್ಜುವ ಹಾಗೆ ದಿನಾ ಚರ್ಮ ನೋಡಿಕೊಳ್ಳಬೇಕು. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದ ಸ್ನಾನ. ಕಲ್ಲಿನಿಂದ, ಹೀರೇಕಾಯಿ ನಾರಿನಿಂದ ಉಜ್ಜಬೇಡಿ, ನನ್ನ ಚಿಕ್ಕಮ್ಮ ಉಜ್ಜಿ ಉಜ್ಜಿ ರಕ್ತ ಬರಿಸಿದ್ದರು. ಸೋಪು ಬಗಲು, ತೊಡೆಸಂದು, ಪಾದಕ್ಕೆ ಸಾಕು. ಟವೆಲಿನಿಂದ ಒತ್ತಿ ಒರೆಸಿ. ಮೈ ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಮುಲಾಮು ಹಚ್ಚಿ. ಬಟ್ಟೆ ಹಾಕಿ, ತಿಂಡಿ ತಿಂದು, ಆಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಉಳಿದಿರುವುದಿಲ್ಲ.

ಏನು ಹಚ್ಚಬೇಕು? ಕೊಬ್ಬರಿ ಎಣ್ಣೆ ನಡೆಯುತ್ತದೆ. ಬಿಳಿ ಪೆಟ್ರೋಲಿಯಂ ಜೆಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಕಾಲಿಗೆ ರಾತ್ರಿ ಹೊತ್ತು 10 ಪರ್ಸೆಂಟ್ ಯೂರಿಯಾ ಇರುವ ಕ್ರೀಮ್ ಒಳ್ಳೆಯದು. ಹೊಲಕ್ಕೆ ಹಾಕುವ ಯೂರಿಯಾ ಅಲ್ಲ ಮತ್ತೆ, ಒಬ್ಬರು ನಿಜವಾಗಿಯೂ ಅದನ್ನು ನೀರಲ್ಲಿ ಕಲಸಿಕೊಂಡು ಹಚ್ಚಿ ಬಂದಿದ್ದರು. ಒಡೆದ ಜಾಗಕ್ಕೆ ಯೂರಿಯಾ ಉರಿಯುತ್ತದೆ, ಅಲ್ಲಿ ಬರೀ ಜೆಲ್ಲಿ ಹಚ್ಚಿ. ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. 30 ಗ್ರಾಂ ಟ್ಯೂಬನ್ನು ತಿಂಗಳು ಪೂರ್ತಿ ಸವರಿ ಗುಣ ಕಾಣಲಿಲ್ಲ ಅನ್ನುತ್ತಾರೆ. ಇಷ್ಟು ದೊಡ್ಡ ಹುಡುಗನ ಮೈಗೆಲ್ಲ ದಿನಕ್ಕೆ ಎರಡು ಸಲ ಹಚ್ಚಲು ವಾರಕ್ಕೇ ಸುಮಾರು 250 ಗ್ರಾಂ ಬೇಕು. ಅದಕ್ಕೇ ಬೆಲೆಬಾಳುವ ಟ್ಯೂಬ್ ಬೇಡ, ದೊಡ್ಡ ಡಬ್ಬಿ ತನ್ನಿ. ಸ್ಯಾಲಿಸಿಲಿಕ್ ಆಸಿಡ್ ಇರುವುದನ್ನು ಚಿಕ್ಕ ಮಕ್ಕಳ ಮೈಗೆಲ್ಲ ಹಚ್ಚಬಾರದು, ಚರ್ಮದಿಂದ ರಕ್ತಕ್ಕೆ ಇಳಿದು ವಿಷ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೈಗಿಡುವ ಸ್ಟಿರಾಯ್ಡ್ ಮುಲಾಮು ಇದಕ್ಕೆ ಔಷಧಿ ಅಲ್ಲ.

ಒಂದು ಎಚ್ಚರಿಕೆ. ಜೆಲ್ಲಿ ಮೆತ್ತಿದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ದೀಪ, ದೀಪಾವಳಿಯ ಪಟಾಕಿಯ ಹತ್ತಿರ ಹುಡುಗನ ಮೇಲೆ ಕಣ್ಣಿರಲಿ. ಬೇಸಿಗೆಯಲ್ಲಿ ಬೆವರು ಸರಿಯಾಗಿ ಬರದೆ ಮೈ ಕಾಯಬಹುದು. ಆಟದ ಪೀರಿಯಡ್ಡಿನಲ್ಲಿ ನೀರಿನ ಬಾಟ್ಲಿ, ಒದ್ದೆ ಟವೆಲು ಜೊತೆಗಿರಲಿ.

ಒಬ್ಬ ತಂದೆ, ಕೊಪ್ಪಳ ಜಿಲ್ಲೆ

*ನಮ್ಮ ಮಗಳು ಹುಟ್ಟುವಾಗ ಮೈಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಾಗೆ ಇತ್ತು. ಅದು ಉದುರಿ ಈಗ ಮೈಯೆಲ್ಲ ದಪ್ಪ ಕಂದು ಚಕ್ಕೆ. ಕಣ್ಣಿನ ರೆಪ್ಪೆ ಕೆಳಗೆ ಜಗ್ಗಿದೆ, ಮಲಗಿದಾಗಲೂ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ನಾನು ಮದುವೆ ಆದದ್ದು ಅಕ್ಕನ ಮಗಳನ್ನು. ಒಂದು ಮಗುವಿಗೆ ಬಂತು, ಇನ್ನು ಬರಲ್ಲ ಅಂತ ಎಲ್ಲರೂ ಹೇಳುತ್ತಾರೆ. ಎರಡನೇ ಮಗು ಮಾಡಿಕೊಳ್ಳಬಹುದಾ?*

ಹಾವೇರಿಯ ತಾಯಿಗೆ ಸಂಬಂಧ ಕಾರಣ ಅಲ್ಲ ಅಂದೆ. ನಿಮ್ಮ ಮನೆಯಲ್ಲಿ ಅದು ಕಾರಣ ಇರಬಹುದು. ನೀವು ಹೇಳುತ್ತಿರುವುದು ಲ್ಯಾಮೆಲ್ಲರ್ ಬಗೆಯ ಹಾಗೆ ಕಾಣುತ್ತದೆ, ಅಪರೂಪದ್ದು. ಕೆಟ್ಟ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಸಿಕ್ಕಿದರೆ ಮಾತ್ರ ಬರುತ್ತದೆ. ಒಂದೇ ಇದ್ದವರಿಗೆ ಏನೂ ತಿಳಿಯುವುದಿಲ್ಲ. ಒಂದೇ ಮನೆತನದವರಲ್ಲಿ ಒಂದೇ ಕೆಟ್ಟ ಜೀನ್ ಇರುವ ಸಾಧ್ಯತೆ ಜಾಸ್ತಿ, ಅಷ್ಟೇ ವಿಷಯ.

"ಇನ್ನು ಬರಲ್ಲ" ಅನ್ನುವುದು ತಪ್ಪು ಲೆಕ್ಕ. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಾಧ್ಯತೆ. ಹಿಂದಿನ ಮಗುವಿಗೆ ಬಂದದ್ದನ್ನು ಹೊಸ ಬಸಿರು ನೆನಪಿಟ್ಟುಕೊಳ್ಳುವುದಿಲ್ಲ. ಮೊದಲು ಮಗಳ ಜೀನ್ ಪರೀಕ್ಷೆ ಮಾಡಿಸಿ. ಯಾವ ಜೀನ್ ಅಂತ ಗೊತ್ತಾದರೆ ಮುಂದಿನ ಬಸಿರಿನಲ್ಲಿ ಮೂರು ತಿಂಗಳ ಹೊತ್ತಿಗೇ ಪರೀಕ್ಷೆ ಮಾಡಿ ತಿಳಿಯಬಹುದು. ಬಸಿರಾದ ಮೇಲೆ ಹುಡುಕಲು ಹೊರಟರೆ ದಿನ ಸಾಲುವುದಿಲ್ಲ. ದೊಡ್ಡ ಊರಿನ ಮೆಡಿಕಲ್ ಕಾಲೇಜಿನಲ್ಲಿ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದಲ್ಲಿ ಬರುವ ಕಾಯಿಲೆಯ ಬಗ್ಗೆ ಸಲಹೆ, ಎಲ್ಲಿ ಸಿಗುತ್ತದೆ ಅಂತ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ.

ಈಗಿನ ತುರ್ತು ಕಣ್ಣು. ಮುಚ್ಚದ ಕಣ್ಣು ಒಣಗಿ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಕಣ್ಣಿನ ಮುಲಾಮು, ಈ ವಾರವೇ ಕಣ್ಣಿನ ಡಾಕ್ಟರ್. ಕಿವಿಯೊಳಗೂ ಚಕ್ಕೆ ತುಂಬಿ ಕೇಳಿಸದೆ ಹೋಗುತ್ತದೆ. ಮಗು ಕರೆದರೆ ತಿರುಗುವುದಿಲ್ಲ ಅಂತ ಬೈಯುವ ಮೊದಲು ಕಿವಿ ಕ್ಲೀನ್ ಮಾಡಿಸಿ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಈ ಮಗುವನ್ನು ಹೊರಗೆ ಬಿಡಲೇಬೇಡಿ, ಬೆವರು ಹೊರಬರುವ ದಾರಿಯೇ ಮುಚ್ಚಿರುತ್ತದೆ. ತೀವ್ರ ಇದ್ದವರಿಗೆ ಅಸಿಟ್ರೆಟಿನ್ ಎಂಬ ಮಾತ್ರೆ ಇದೆ, ಗುಣ ಚೆನ್ನಾಗಿದೆ. ಆದರೆ ಅದನ್ನು ತೆಗೆದುಕೊಂಡ ಹೆಣ್ಣುಮಗಳು ನಿಲ್ಲಿಸಿದ ಮೇಲೂ ಮೂರು ವರ್ಷ ಬಸಿರಾಗಬಾರದು, ಕೂಸಿಗೆ ಅಂಗ ಊನ ಆಗುತ್ತದೆ. ಇದನ್ನು ಮಗಳು ದೊಡ್ಡವಳಾದಾಗ ನೆನಪಿಡಿ.

ಒಬ್ಬ ಮಹಿಳೆ, ಸುರಪುರ ತಾಲೂಕು

*ನನಗೆ 45. ಎಂಟು ವರ್ಷದಿಂದ ಅಂಗೈ, ಅಂಗಾಲು ದಪ್ಪ ಆಗಿ ಆಣಿಯಂಥ ಗಂಟುಗಳು ಎದ್ದಿವೆ. ಎದೆ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆ. ಓಣಿಯಲ್ಲಿ ಇನ್ನೂ ನಾಲ್ಕು ಜನಕ್ಕೆ ಇದೆ. ರೇಷನ್ ಅಂಗಡಿಯಲ್ಲಿ ಥಂಬ್ ಬರುವುದಿಲ್ಲ. ಕೂಲಿ ಕೆಲಸದಿಂದ ಬಂದದ್ದಾ?*

ಅಕ್ಕ, ನಿಮ್ಮ ಪತ್ರ ಎರಡು ಸಲ ಓದಿದೆ. ಕೂಲಿಯಿಂದ ಕೈ ಒರಟಾಗುತ್ತದೆ, ಎದೆ ಮೇಲೆ ಚುಕ್ಕೆ ಬರುವುದಿಲ್ಲ. ಒಂದೇ ಓಣಿಯ ಐದು ಜನಕ್ಕೆ ಅಂದರೆ ನಾನು ಕೈ ನೋಡುವ ಮೊದಲು ನೀರು ನೋಡುತ್ತೇನೆ. ನಿಮ್ಮ ಕಡೆಯದು ಹಳೆಯ ಚಿನ್ನದ ಗಣಿಗಳ ಸೀಮೆ. ನಿಮ್ಮ ಜಿಲ್ಲೆಯದೇ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದ್ದು ಜನರಿಗೆ ಇಂಥದೇ ಚರ್ಮರೋಗ ಬಂದದ್ದು ವರದಿಯಾಗಿದೆ. ಒಂದು ಲೀಟರಿನಲ್ಲಿ 10 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ.

ನೀರನ್ನು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಐದೂ ಮನೆಯವರು ಸೇರಿ ಪಂಚಾಯಿತಿಗೆ ಬರೆದುಕೊಟ್ಟು, ಆ ಬೋರಿನ ನೀರನ್ನು ಆರ್ಸೆನಿಕ್ಕಿಗೇ ಪರೀಕ್ಷೆ ಮಾಡಿಸಿ ಅಂತ ಹೆಸರು ಹಿಡಿದು ಕೇಳಿ. ಸುಮ್ನೆ "ನೀರು ಟೆಸ್ಟ್" ಅಂದರೆ ಬೇರೆ ಏನೋ ನೋಡಿ ಕಳಿಸುತ್ತಾರೆ. ವರದಿ ಬರುವ ತನಕ ಕುಡಿಯಲು, ಅಡಿಗೆಗೆ ಬೇರೆ ನೀರು ತನ್ನಿ. ಬಟ್ಟೆ ಒಗೆಯಲು ಅದೇ ಇರಲಿ. ಚರ್ಮದ ಡಾಕ್ಟರಿಗೆ ತೋರಿಸುವುದು ತಡ ಮಾಡಬೇಡಿ. ಈ ಗಂಟುಗಳಲ್ಲಿ ಕೆಲವು ವರ್ಷಗಳ ಮೇಲೆ ಕ್ಯಾನ್ಸರ್ ಆಗುವುದುಂಟು. ಯಾವುದಾದರೂ ಗಂಟು ಬೇಗ ಬೆಳೆದರೆ, ಹುಣ್ಣಾದರೆ, ರಕ್ತ ಬಂದರೆ ಅವತ್ತೇ ಹೊರಡಿ.

ರೇಷನ್ ವಿಷಯ. ಆಧಾರ್ ಮಾಡಿಸುವಾಗ ನಿಮ್ಮ ಕಣ್ಣಿನ ಫೋಟೋ ಕೂಡ ತೆಗೆದಿರುತ್ತಾರೆ. ಕಣ್ಣಿನಿಂದ, ಇಲ್ಲವೇ ಮೊಬೈಲಿಗೆ ಬರುವ ಒಟಿಪಿಯಿಂದ ಗುರುತು ಹಿಡಿಯಬಹುದು. ಅದನ್ನೇ ಕೇಳಿ. ಬೆರಳನ್ನು ಅದಕ್ಕೋಸ್ಕರ ಕಲ್ಲಿಗೆ ಉಜ್ಜಬೇಡಿ.

ನಿವೃತ್ತ ನೌಕರರು, ಶಿವಮೊಗ್ಗ

*ವಯಸ್ಸು 58. ಹಿಂದೆಂದೂ ಇಲ್ಲದ್ದು, ಆರು ತಿಂಗಳಿಂದ ಕಾಲು, ಬೆನ್ನು ಹುರುಪೆ ಕಟ್ಟಿದೆ. ತೂಕವೂ ಇಳಿದಿದೆ. ಒಳ್ಳೆಯ ಕ್ರೀಮ್ ತಿಳಿಸಿ.*

ಕ್ರೀಮ್ ತಿಳಿಸುವುದಿಲ್ಲ, ಕ್ಷಮಿಸಿ. ಹುಟ್ಟಿದಾಗಿನಿಂದ ಬಂದದ್ದು ಒಂದು, ಈ ವಯಸ್ಸಿನಲ್ಲಿ ಹೊಸದಾಗಿ ಬಂದದ್ದೇ ಇನ್ನೊಂದು. ಮಲೆನಾಡಿನ ತೇವದಲ್ಲೂ ಚರ್ಮ ಹೀಗೆ ಒಣಗಿದೆ ಅಂದರೆ ಒಳಗೆ ನೋಡಬೇಕು. ಥೈರಾಯ್ಡ್ ಕಡಿಮೆ ಆಗಿರಬಹುದು, ಕಿಡ್ನಿ ಸೋತಿರಬಹುದು, ಕುಷ್ಠ ಇರಬಹುದು. ಕುಷ್ಠದ ಚಿಕಿತ್ಸೆಯಲ್ಲಿ ಕೊಡುವ ಕ್ಲೋಫಾಜಿಮಿನ್ ಮಾತ್ರೆಯಿಂದಲೂ ಹೀಗಾಗುತ್ತದೆ. ಕುತ್ತಿಗೆ, ಬಗಲು, ತೊಡೆಸಂದಿನಲ್ಲಿ ಗಡ್ಡೆ ಇದೆಯೇ ಅಂತಲೂ ನೋಡಬೇಕು, ಯಾಕೆಂದರೆ ಹಾಡ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಕೆಲವೊಮ್ಮೆ ಚರ್ಮದಲ್ಲಿ ಹೀಗೆ ಮುಖ ತೋರಿಸುತ್ತದೆ. ಹೆದರಿಸಲು ಬರೆಯುತ್ತಿಲ್ಲ. ತೂಕ ಇಳಿದಿದೆ ಅಂತ ನೀವು ಬರೆಯದಿದ್ದರೆ ಇಷ್ಟು ಒತ್ತಾಯ ಮಾಡುತ್ತಿರಲಿಲ್ಲ. ಸೋಮವಾರವೇ ಫಿಸಿಷಿಯನ್ ಹತ್ತಿರ ಹೋಗಿ.

ಒಬ್ಬ ಯುವತಿ, ಧಾರವಾಡ

*ನನಗೆ 26. ನಿಮ್ಮದೇ ವಲ್ಗ್ಯಾರಿಸ್ ಬಗೆ ಅಂತ ಡಾಕ್ಟರ್ ಹೇಳಿದ್ದಾರೆ. ಗಂಡು ನೋಡುತ್ತಿದ್ದಾರೆ. ಸೀರೆ ಉಟ್ಟರೆ ಕಾಲು ಕಾಣುವುದಿಲ್ಲ, ಸುಮ್ಮನಿರು ಅಂತ ಅಮ್ಮ ಹೇಳುತ್ತಾರೆ. ಹೇಳಬೇಕಾ? ಮಕ್ಕಳಿಗೆ ಬರುತ್ತಾ?*

ಮಕ್ಕಳಿಗೆ ಬರುವ ಸಾಧ್ಯತೆ ಅರ್ಧ. ಬಂದರೂ ನಿಮ್ಮಷ್ಟೇ ಇರಬೇಕೆಂದಿಲ್ಲ, ಕೆಲವರಲ್ಲಿ ಬರೀ ಒಣ ಕಾಲಿಗೇ ನಿಲ್ಲುತ್ತದೆ. ಇದೇ ಜೀನ್ ಇದ್ದವರಿಗೆ ಎಕ್ಸಿಮಾ (ಇಸುಬು), ಆಸ್ತಮಾ ಜಾಸ್ತಿ. ಮಗು ಹುಟ್ಟಿದ ಮೇಲೆ ಮಕ್ಕಳ ಡಾಕ್ಟರಿಗೆ ಹೇಳಿದರೆ ಸಾಕು.

ಹೇಳಿ ತಂಗಿ. ಸೀರೆ ಎಷ್ಟು ದಿನ ಮುಚ್ಚುತ್ತದೆ? ನನ್ನ ಅಮ್ಮನೂ ಅದೇ ಮಾತು ಹೇಳಿದ್ದರು. ಹುಡುಗ ನೋಡಲು ಬಂದದ್ದು ಜನವರಿ ತಿಂಗಳು, ಕಾಲು ಬಿರುಕು ಬಿಟ್ಟ ಕೆರೆಯ ಹಾಗಿತ್ತು. ಉಪ್ಪಿಟ್ಟಿನ ತಟ್ಟೆ ಕೊಡಲು ಕೈ ಚಾಚಿದಾಗ ಅವರು ಅಂಗೈ ಗೆರೆಗಳನ್ನೇ ನೋಡುತ್ತಿದ್ದರು. ಮುಚ್ಚಿ ಏನು ಪ್ರಯೋಜನ ಅಂತ ಎಲ್ಲರ ಮುಂದೆಯೇ ಹೇಳಿಬಿಟ್ಟೆ. ಹೀಗಿದೆ, ಅಂಟುವುದಿಲ್ಲ, ಹೋಗುವುದೂ ಇಲ್ಲ, ಮಕ್ಕಳಿಗೆ ಬರಬಹುದು. ಅಮ್ಮ ಅಡಿಗೆಮನೆಯಲ್ಲಿ ತಲೆ ಚಚ್ಚಿಕೊಂಡರು. ಅವರು ಸ್ವಲ್ಪ ಹೊತ್ತು ಉಪ್ಪಿಟ್ಟು ತಿಂದು, "ಬೇಸಿಗೆಯಲ್ಲಿ ಕಡಿಮೆ ಆಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ. "ಹಾಗಾದರೆ ಮುಹೂರ್ತ ಮೇ ತಿಂಗಳಲ್ಲಿ ನೋಡಿಸಿ" ಅಂದರು ನಮ್ಮಪ್ಪನಿಗೆ. ವಿಜಯಪುರದ ಮೇ ತಿಂಗಳು. ಮದುವೆಗೆ ಬಂದವರೆಲ್ಲ ಬೆವರಿನಲ್ಲಿ ತೊಯ್ದು ನಮ್ಮಿಬ್ಬರನ್ನೂ ಬೈದುಕೊಂಡೇ ಊಟ ಮಾಡಿ ಹೋದರು.